ನಲವತ್ತೊಂದನೇ ಬಂಡೆಯ ಕೈ

ಫ್ಯಾನಿನ ಗಾಳಿಗೆ ಫೋಟೋದ ಮೂಲೆ ಏಳುತ್ತದೆ, ಬೀಳುತ್ತದೆ, ಮುಖ್ಯಸ್ಥರು ಅದರ ಮೇಲೆ ಕನ್ನಡಕದ ಡಬ್ಬಿ ಇಡುತ್ತಾರೆ, ನನ್ನ ಕತ್ತಿನ ಮೇಲೇ ಇಟ್ಟ ಹಾಗೆ — ನಲವತ್ತೊಂದನೇ ಬಂಡೆ, ಅರ್ಧ ಉದುರಿದ ಕೆಂಪು ಬಣ್ಣ, ಉಳಿದರ್ಧದ ಮೇಲೆ ಪಾಚಿ, ಇದು ಕಲೆಯೋ ಬರೀ ನೀರಿನ ಕಲೆಯೋ ಎಂದು ಜೋಕು ಹೊಡೆದಿದ್ದೆ, ಅತ್ತಿಗೆ ನಕ್ಕಿರಲಿಲ್ಲ, ನಗದವರನ್ನು ನಂಬುವುದು ಹೇಗೆ. ಈಗಲೂ ಪಕ್ಕದ ಕುರ್ಚಿಯಲ್ಲಿ ನಗದೆ ಕೂತಿದ್ದಾರೆ, ಮನೆಯಲ್ಲಿ ಅಣ್ಣನ ಜೋಡಿ, ಕಚೇರಿಯಲ್ಲಿ ನನ್ನ ಜೋಡಿ: ಹಳೆಯ ಬಂಡೆಚಿತ್ರದ ಒಂದೇ ಫೋಟೋ ಇಬ್ಬರಿಗೂ, ಬೇರೆ ಬೇರೆ ಕೋಣೆ, ಏನು ಕಂಡಿತೆಂದು ಬರೆಯಬೇಕು, ಮನುಷ್ಯ, ಪ್ರಾಣಿ, ಗೆರೆ, ಅಸ್ಪಷ್ಟ ಅಥವಾ ಚಿತ್ರವೇ ಅಲ್ಲ, ಆದರೆ ನೋಡಬೇಕಾದ್ದು ಬಂಡೆಯನ್ನು, ಪಕ್ಕದವರ ಹಾಳೆಯನ್ನಲ್ಲ, ಹಾಳೆ ನೋಡಿ ಬರೆದವರಿಗೆ ಇಲ್ಲಿ ಕೆಲಸವಿಲ್ಲ. ಅನುಮಾನ ಬಂದ್ರೆ ಅಸ್ಪಷ್ಟ ಅನ್ನಿ, ಅಸ್ಪಷ್ಟ ಅನ್ನೋಕೆ ಅನುಮಾನ ಪಡಬೇಡಿ — ಮುಖ್ಯಸ್ಥರ ಈ ಮೂಗಿನ ಧ್ವನಿಯನ್ನು ನಾನು ಮೆಟ್ಟಿಲ ಬಳಿ ಅಣಕಿಸಿದರೆ ಗುಮಾಸ್ತರು ಎದ್ದು ನಿಲ್ಲುತ್ತಾರೆ, ಈಗ ಅಸಲಿ ಮೂಗೇ ಎದುರಿಗಿದೆ, ಉಸಿರು ಬಿಡುತ್ತಿದೆ, ಉತ್ತರಕ್ಕೆ ಕಾಯುತ್ತಿದೆ.

ನಲವತ್ತು ಬಂಡೆಗಳಲ್ಲಿ ಮೂವತ್ತೊಂಬತ್ತಕ್ಕೆ ಅತ್ತಿಗೆಯ ಉತ್ತರವೂ ನನ್ನದೂ ತಾಳೆಯಾದರೆ ಅನುಮಾನ ಬರದೆ ಏನು ಬರುತ್ತದೆ, ಮಳೆ ಬಿಸಿಲು ತಿಂದುಬಿಟ್ಟ ಗೆರೆಗಳು, ಎರಡು ಜೊತೆ ಕಣ್ಣಿಗೆ ಅಷ್ಟೊಂದು ಒಂದೇ ಥರ ಕಾಣುತ್ತವೆಯೇ, ಅಣ್ಣನಿಗೂ ಇವರಿಗೂ ಸಾರಿನ ಉಪ್ಪೇ ಇನ್ನೂ ತಾಳೆಯಾಗಿಲ್ಲ. ತಮ್ಮದೇ ಸ್ಟೇಪ್ಲರ್ ಇರುವಾಗ ನನ್ನ ಮೇಜಿನ ತನಕ ಬಂದು ನನ್ನದು ಕೇಳಿದ್ದೇಕೆ. ಯಾರಾದರೂ ತೆಗೆದರೆ ಗೊತ್ತಾಗಲೆಂದು ಡ್ರಾಯರಿನ ಸಂದಿಗೆ ಒಂದು ಕೂದಲು ಅಂಟಿಸಿಟ್ಟೆ, ಊಟ ಮುಗಿಸಿ ಬಂದರೆ ಕೂದಲು ಮಾಯ, ನನ್ನ ತಲೆಯಲ್ಲಿ ಉಳಿದಿದ್ದೇ ನಾಲ್ಕು, ಅದರಲ್ಲೂ ಒಂದು ದಂಡ. ಭಾನುವಾರ ಅಣ್ಣನ ಮನೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ರಾ ಅತ್ತಿಗೆ ಎಂದು ಸುಮ್ಮನೆ ಕೇಳಿದವನ ಹಾಗೆ ಕೇಳಿದೆ, ನನ್ನ ಕಣ್ಣಿಗೇನಾಗಿದೆ, ನಿನ್ನ ಕಣ್ಣು ಯಾಕಪ್ಪ ಸದಾ ನನ್ನ ಮೇಲೆ ಅಂದರು, ಅಣ್ಣ ಪೇಪರಿನ ಹಿಂದಿನಿಂದ ಕೆಮ್ಮಿದ, ಆ ಕೆಮ್ಮಿಗೂ ಏನೋ ಗೊತ್ತಿತ್ತು. ಆಮೇಲೆ ಬಲೆ — ನಲವತ್ತೊಂದರಲ್ಲಿ ನನಗೆ ಕಂಡಿದ್ದು ನೀರಿಳಿದ ಕಲೆ, ಬೇಕೆಂದೇ ಬರೆದದ್ದು ಮನುಷ್ಯ, ಒಂದೇ ಪದ, ಎರಡು ದಿನ ಹಾಳೆಯನ್ನು ಡ್ರಾಯರಿನಲ್ಲೇ ಬಿಟ್ಟೆ, ಆಮೇಲೆ ಗುಮಾಸ್ತರಿಗೆ ಕೊಟ್ಟೆ, ಇಬ್ಬರ ಉತ್ತರಗಳ ಪಟ್ಟಿ ಬಂತು: ನಲವತ್ತೊಂದು, ಇಬ್ಬರದೂ ಮನುಷ್ಯ. ಸಿಕ್ಕಿಬಿದ್ದರು ಎಂದು ಬೆಳಿಗ್ಗೆಯೇ ದೂರು ಬರೆದು ಕೊಟ್ಟೆ, ನನ್ನ ಹಾಳೆ ನೋಡಿ ಬರೆಯುತ್ತಾರೆ, ನಲವತ್ತೊಂದೇ ಪುರಾವೆ, ಸಹಿ.

ಪುರಾವೆ ಹೇಗೆ ಎಂದು ಯಾರಾದರೂ ಕೇಳುತ್ತಾರೆಂದು ಹೊಳೆದೇ ಇರಲಿಲ್ಲ, ಕೇಳಿದರೆ ನಾನೇ ಸುಳ್ಳು ಬರೆದಿದ್ದೆ ಅನ್ನಬೇಕಲ್ಲ, ಸುಳ್ಳು ಬರೆದವನನ್ನೂ ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಮುಖ್ಯಸ್ಥರು ಕೇಳಲೂ ಇಲ್ಲ, ಅತ್ತಿಗೆಯ ಹಾಳೆ ತೆಗೆದು ಓದಿದರು — ಮನುಷ್ಯ, ಎಡಗೈ ತಲೆಯ ಮೇಲಕ್ಕೆ, ಮೂರು ಬೆರಳು ಉಳಿದಿವೆ. ನನ್ನ ಹಾಳೆಯಲ್ಲಿ ಬೆರಳಿಲ್ಲ, ಕೈಯೇ ಇಲ್ಲ. ಅವರ ಹಾಳೆಯ ಮೇಲೆ ಗುಮಾಸ್ತರು ಒತ್ತಿದ ಮೊಹರಿನ ತಾರೀಖು ನಾನು ಬರೆಯುವುದಕ್ಕಿಂತ ಎರಡು ದಿನ ಹಿಂದಿನದು, ಗುಮಾಸ್ತರೂ ಶಾಮೀಲೋ, ಮೊಹರಿನ ಚಕ್ರ ತಿರುಗಿಸಿದರೋ, ಇಲ್ಲ, ಆತ ನನ್ನ ಮಿಮಿಕ್ರಿಗೇ ಎದ್ದು ನಿಲ್ಲುವ ಪ್ರಾಣಿ. ಅತ್ತಿಗೆ ಪೆನ್ನಿನ ಹಿಂಬದಿಯನ್ನು ಫೋಟೋಗೆ ತಾಗಿಸದೆ ಮೇಲೆಯೇ ಆಡಿಸಿದರು, ಇದು ಭುಜ, ಇಲ್ಲಿ ಮೊಣಕೈ, ಪಾಚಿ ಬಿಟ್ಟು ನೋಡಿ ಸರ್, ನಾನೂ ಪಾಚಿ ಬಿಟ್ಟು ನೋಡಿದೆ, ಕೈ ಎದ್ದಿತು, ಮೂರು ಬೆರಳು, ನೋಡದಿರಲು ಎಷ್ಟು ಹೆಣಗಿದರೂ ಮೂರು ಬೆರಳು. ಹಾಗಾದ್ರೆ ಯಾರು ಯಾರದ್ದು ನೋಡಿ ಬರೆದಿದ್ದು, ಮುಖ್ಯಸ್ಥರು ಕೇಳಿದ್ದು ನನ್ನನ್ನು. ಅತ್ತಿಗೆ ನನ್ನ ಕಡೆ ತಿರುಗದೆ, ಅವನಿಗೂ ಕಂಡಿರುತ್ತೆ ಸರ್, ಕಾಣದೆ ಬರೀತಾನಾ — ಕಾಪಾಡಿದರೋ, ಇರಿದರೋ, ಎಲ್ಲ ಗೊತ್ತಿದ್ದೇ ಅಂದರೋ, ತುಟಿಯ ಕೊನೆಯಲ್ಲಿ ಇದ್ದದ್ದು ನಗುವೋ, ನಕ್ಕರೆ ಅದು ಯಾವ ಜೋಕಿಗೆ. ಕಂಡಿತ್ತೇನ್ರೀ ನಿಮಗೆ, ಆವತ್ತು, ಬರೆಯೋವಾಗ, ಮುಖ್ಯಸ್ಥರ ಮೂಗು ನನ್ನ ಕಡೆಗೇ. ಹೌದು ಅನ್ನು, ಸಾಕು, ಈಗಂತೂ ಕಾಣುತ್ತಿದೆ, ಈಗ ಕಂಡದ್ದಕ್ಕೆ ಆವತ್ತಿನ ಹೌದು, ಬಾಯಿ ತೆರೆದಿದ್ದೇನೆ, ಯಾರ ಧ್ವನಿಯೂ ಬರುತ್ತಿಲ್ಲ, ಪಾಚಿಯ ನಡುವೆ ಎಡಗೈ, ಬಾ ಅನ್ನುತ್ತಿದೆಯೋ, ನಿಲ್ಲು ಅನ್ನುತ್ತಿದೆಯೋ, ಮೂರು ಬೆರಳು, ಮೂರು —