ಕಾಮಣಿಗೆ ಕೊಟ್ಟ ಪದ

ಮೆಣಸಿನಕಾಯಿಯನ್ನು ಇಬ್ಬನಿ ಆರುವ ಮೊದಲೇ ಬಿಡಿಸಬೇಕು. ಬಿಸಿಲು ಏರಿದರೆ ಒಣಗಿದ ಕಾಯಿ ಕೈಯಲ್ಲೇ ಮುರಿದು ಬೀಜ ಉದುರುತ್ತದೆ. ಪುಷ್ಯ ಮಾಸದ ಆ ಮುಂಜಾನೆ ಯರಗುಪ್ಪಿಯ ಎರೆಹೊಲದಲ್ಲಿ ಹೆಂಗಸರು ಸಾಲು ಹಿಡಿದಿದ್ದರು. ಎಲ್ಲರಿಗಿಂತ ಮುಂದೆ ಹನಮವ್ವ. ಅರವತ್ತು ದಾಟಿದ್ದರೂ ಅವಳ ಸಾಲು ಯಾರಿಗೂ ಸಿಗುತ್ತಿರಲಿಲ್ಲ. ಕೈಯ ಜೊತೆಗೆ ಬಾಯಿಯೂ ನಡೆದಿತ್ತು.

"ಕರಿಯ ಕಂಬಳಿ ಹೊದ್ದು ಬಂದಾನ ವಿಠ್ಠಲ, ಕಣದಾಗ ಕಾಳು ತೂರಾಕ..."

ಪದದ ಒಂದೊಂದು ತುಂಡಿಗೆ ಒಂದೊಂದು ಹಿಡಿ ಕಾಯಿ ಉಡಿಗೆ ಬೀಳುತ್ತಿತ್ತು. ಹಿಂದಿನ ಸಾಲಿನವರೂ ದನಿಗೂಡಿಸಿದರು. ಸೊಸೆ ಸಾವಕ್ಕ ನಡು ಹಿಡಿದು ಎದ್ದು ನಿಂತಳು.

"ಮೆಣಸಿನ ಗಿಡಕ್ಕ ಹಾಡಿದ್ರೇನು ಬಂತ್ರಿ ಅತ್ತಿ? ಸಂಜೀಕ ಗುಡಿಯಾಗ ಹಾಡ್ತೀರೋ ಇಲ್ಲೋ?"

"ಮೈಕ್ ನೋಡಿದ್ರ ನನ್ನ ಕಾಲು ನಡಗತಾವ ಬೇ."

"ನಡಗ್ಲಿ ಬಿಡ್ರಿ. ಹಾಡೂದು ಬಾಯಿಲೆ, ಕಾಲಿಲೆ ಅಲ್ಲಲ್ಲ!"

ಸಂಜೆ ಹಣಮಪ್ಪನ ಗುಡಿಯಲ್ಲಿ ಪಂಢರಿನಾಥ ಮಾಸ್ತರರಿಗೆ ಊರವರು ಸತ್ಕಾರ ಇಟ್ಟುಕೊಂಡಿದ್ದರು. ಮೀಸೆ ಚಿಗುರುವ ವಯಸ್ಸಿಗೆ ಸಾಲಿ ಮಾಸ್ತರರಾಗಿ ಬಂದವರು ಇಲ್ಲೇ ಮುದುಕರಾಗಿದ್ದರು. ಹಗಲು ಸಾಲಿ, ಏಕಾದಶಿಗೆ ಭಜನೆ, ದಿನಾ ಮುಂಜಾನೆ ಕಣ್ಣು ಹಳದಿಯಾಗುವ ಕಾಮಣಿ ಬೇನೆಯವರಿಗೆ ಔಷಧ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿದ ಆ ಔಷಧ ಕುಡಿದರೆ ಹೊಟ್ಟೆ ತೊಳಸಿ ಬರುತ್ತಿತ್ತು. ಅದು ಒಳಗೆ ನಿಲ್ಲುವತನಕ ಅವರ ಮನೆಯ ಕಟ್ಟೆ ಬಿಟ್ಟು ಏಳುವಂತಿಲ್ಲ. ಆ ಹೊತ್ತು ಕಳೆಯಲೆಂದು ಮಾಸ್ತರರು ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು, ಕುಡಿದವರ ಹೆಸರಿಗೊಂದು ಪದ ಕಟ್ಟಿ ಸಾಲುಸಾಲಾಗಿ ಹೇಳಿಕೊಡುತ್ತಿದ್ದರು. ರೊಕ್ಕ ಮುಟ್ಟಿದರೆ ಔಷಧದ ಗುಣ ಹೋಗುತ್ತದೆಂದು ಅವರ ನಂಬಿಕೆ. ಗುಣವಾದವರು ಭಜನೆಯಲ್ಲಿ ಎದ್ದು ನಿಂತು ತಮ್ಮ ಪದವನ್ನು ಒಬ್ಬರೇ ಹಾಡಬೇಕು. ಅಲ್ಲಿಗೆ ಋಣ ಮುಟ್ಟಿದಂತೆ.

ಊರಲ್ಲಿ ಎಲ್ಲರದೂ ಹೇಗೋ ಮುಟ್ಟಿತ್ತು. ಉಳಿದದ್ದು ಹನಮವ್ವನದು. ಹೊಸ ಸೊಸೆಯಾಗಿದ್ದಾಗ ಕಣ್ಣು ಅರಿಷಿಣವಾಗಿ ಮಲಗಿದವಳನ್ನು ಮಾಸ್ತರರು ಎಬ್ಬಿಸಿದ್ದರು. ಆದರೆ ಹಾಡುವ ದಿನ, "ನಮ್ಮನಿ ಸೊಸಿ ಗಂಡಸರ ನಡುವ ನಿಂತು ಹಾಡೂದಿಲ್ಲ" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಅತ್ತೆ ಹೋದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಹೊಲ. ಹಾದಿಯಲ್ಲಿ ಸಿಕ್ಕಾಗಲೆಲ್ಲ ಮಾಸ್ತರರು, "ಏನವಾ ಹನಮವ್ವಾ, ನನ್ನ ಪದ ಎಲ್ಲಿತನಕ ಬಂತು?" ಎಂದು ಕೇಳುವರು. "ಈ ಸುಗ್ಗಿ ಮುಗೀಲಿರಿ" ಎಂದು ಇವಳು ಸೆರಗು ಬಾಯಿಗಿಟ್ಟು ನಗುವಳು. ಸುಗ್ಗಿಗಳೇನೋ ಮುಗಿಯುತ್ತಲೇ ಹೋದವು. ಹೋದ ದೀಪಾವಳಿಗೆ ಮಾಸ್ತರರು ಹಾಸಿಗೆ ಹಿಡಿದಾಗ ಮಾತ್ರ ಹನಮವ್ವನಿಗೆ ಅಂಜಿಕೆಯಾಯಿತು. ಎದ್ದು ಕೂತರು, ನಿಜ. ಆದರೆ ತನ್ನ ಪದ ಕೇಳದೆ ಅವರು ಹೋಗಿಬಿಟ್ಟಿದ್ದರೆ?

ಸಂಜೆ ಗುಡಿಯ ಮುಂದೆ ಟೇಪ್ ರೆಕಾರ್ಡರಿನ ಸಿನೆಮಾ ಹಾಡು ನಿಲ್ಲಿಸಿ, ಪಂಚಾಯ್ತಿ ಚೇರ್ಮನ್ ಗೂಳಪ್ಪ ಮೈಕ್ ಹಿಡಿದ. ಮಾಸ್ತರರು ಹಾರ, ಶಾಲುಗಳಲ್ಲಿ ಮುಳುಗಿ ಕೂತಿದ್ದರು. ಬಾಜೂಕ ಹೆಂಡತಿ ಸೀತಾಬಾಯಿ.

"ಮಗ್ಗಿ ಬರಲಿಲ್ಲಂತ ಇವ್ರು ನನ್ನ ಹೊಡದ್ರು. ಕಾಮಣಿ ಆತು, ಔಷಧ ಕೊಟ್ರು. ಪದ ಬರಲಿಲ್ಲ, ಮತ್ತ ಹೊಡದ್ರು. ಕಡೀಕ ಕೈಯಾಗ ತಬಲಾ ಕೊಟ್ಟು, 'ಇನ್ನ ನೀ ಹೊಡಿಯಪಾ' ಅಂದ್ರು!"

ಗೂಳಪ್ಪನ ಮಾತಿಗೆ ಜನ ಬಿದ್ದು ಬಿದ್ದು ನಕ್ಕರು. ಗೌಸಬಿ ಎದ್ದು, "ನನಗ ಅಲ್ಲಾನ ಹೆಸರಿಟ್ಟ ಪದಾ ಕಟ್ಟಿ ಕೊಟ್ಟಿದ್ರು, ನಮ್ಮ ಮನ್ಯಾಗ ಅದನ್ನ ಹಾಡೇ ಕೂಸು ಮಲಗಿಸ್ತೇವಿ" ಎಂದಳು. ಕಣ್ಣೊರೆಸಿಕೊಂಡು ಕೂತಳು.

ಸಾವಕ್ಕ ಅತ್ತೆಯ ಬೆನ್ನಿಗೆ ಕೈಯಿಟ್ಟು ನೂಕಿದಳು. ಹನಮವ್ವ ಹೇಗೆ ಎದ್ದಳೋ, ಹೇಗೆ ಮುಂದೆ ಬಂದಳೋ. ಮೈಕಿನ ಕಡೆ ನೋಡದೆ ಕಣ್ಣು ಮುಚ್ಚಿ ವಿಠ್ಠಲನ ಪದ ಎತ್ತಿದಳು. ಗೂಳಪ್ಪನ ತಬಲಾ ಒಂದೆರಡು ಹೆಜ್ಜೆ ಜೊತೆ ಬಂದು ಎಡವಿತು. ಮತ್ತೆ ಹಿಡಿಯಲು ನೋಡಿ ಮತ್ತೆ ಎಡವಿತು.

"ಲೇ ಗೂಳ್ಯಾ, ಸುಮ್ಮನ ಕೂಡೋ!" ಎಂದು ಮಾಸ್ತರರು ಗದರಿದರು.

ಹಿಂದೆ ಕೂತಿದ್ದ ಕೂಲಿಯ ಹೆಂಗಸರು ಮಾತ್ರ ಎಡವಲಿಲ್ಲ. ಅವರ ದನಿ ಕೂಡಿದ್ದೇ ಹನಮವ್ವನ ಕಾಲು ನೆಲಕ್ಕೆ ಹತ್ತಿತು. ಮಾಸ್ತರರು ಚಲೋ ಕೇಳುವ ಕಿವಿಯನ್ನು ಈ ಕಡೆ ಮಾಡಿ ಬಾಗಿದರು. ಬೆರಳು ತೊಡೆಯ ಮೇಲೆಯೇ ಸ್ವರ ಹುಡುಕಿದವು, ಸಿಗಲಿಲ್ಲ. ಪದ ಮುಗಿದಾಗ ಅವರು ಶಾಲಿನೊಳಗೇ ಕುಲುಕಾಡಿ ನಕ್ಕರು.

"ಹನಮವ್ವಾ, ಇದು ನಾ ಕಲಿಸಿದ್ದಲ್ಲವಾ. ನನ್ನ ವಿಠ್ಠಲಗ ಉಡಿ ಕಟ್ಟಿ ಮೆಣಸಿನಕಾಯಿ ಬಿಡಿಸಲಿಕ್ಕೆ ಹಚ್ಚೀದಿಯಲ್ಲ!"

"ಹೊಲದಾಗ ಹಾಡಿ ಹಾಡಿ ಹಂಗಾಗೇತ್ರಿ." ಅವಳ ಮುಖ ಬಿಸಿಯಾಗಿತ್ತು. "ಋಣ ಮುಟ್ಟಿತೋ ಇಲ್ಲೋ, ಅಷ್ಟು ಹೇಳ್ರಿ."

"ಎಲ್ಲೀದು? ನಾಳೆ ಮುಂಜಾನೆ ಬಾ. ಮೊದಲಿಂದ ಹೇಳಿಕೊಡತೀನಿ."

"ಏಳಲಿಕ್ಕೆ ತ್ರಾಣಿಲ್ಲ, ಮತ್ತ ಸಾಲಿ ತಗದ್ರು ನೋಡ್ರಿ!" ಎಂದು ಸೀತಾಬಾಯಿ ಹಣೆ ಚಚ್ಚಿಕೊಂಡರು.

ಮರುದಿನ ಹನಮವ್ವ ಹೊಲಕ್ಕೆ ಹೋಗುವ ಮುಂಚೆ ಮಾಸ್ತರರ ಕಟ್ಟೆ ಏರಿದಳು. ಪೇಟಿಯ ಮೇಲಿನ ಧೂಳನ್ನು ಮಾಸ್ತರರು ಪಂಚೆಯ ಸೆರಗಿನಿಂದ ಒರೆಸುತ್ತಿದ್ದರು. ಮೊದಲ ಸಾಲು ಹೇಳಿಕೊಟ್ಟರು. ಎರಡನೆಯ ಸಲಕ್ಕೇ ಅವಳಿಗೆ ಹಳೆಯ ಧಾಟಿ, ಅಂದಿನ ಔಷಧದ ಕಹಿಯ ಸಮೇತ ನೆನಪಿಗೆ ಬಂತು. ಒಂದೂ ತಪ್ಪದೆ ಹಾಡಿದಳು.

"ಶಾಬಾಸ್! ಇನ್ನ ಎರಡನೇದು" ಎಂದ ಮಾಸ್ತರರು ಕನ್ನಡಕ ತರಲು ಒಳಗೆ ಹೋದರು. ಸೀತಾಬಾಯಿ ಚಹಾದ ಕಪ್ಪು ಇಟ್ಟು, ಬಗ್ಗಿ ಸಣ್ಣ ದನಿಯಲ್ಲಿ ಹೇಳಿದರು: "ದೀಪಾವಳಿಯಿಂದ ಈ ಪೇಟಿ ಮುಟ್ಟಿದ್ದಿಲ್ಲ ನೋಡು. ಇವತ್ತ ನನಗಿಂತ ಮೊದಲ ಎದ್ದಾರ."

ಮಾಸ್ತರರು ಬಂದು ಕೂತು ಎರಡನೆಯ ಸಾಲು ಹಾಡಿ ತೋರಿಸಿದರು. ಹನಮವ್ವನಿಗೆ ಅದೂ ಬಂದಿತ್ತು. ಅವಳು ಚಹಾ ಕುಡಿದು ಬಾಯಿ ಒರೆಸಿಕೊಂಡು, ಹಾಡತೊಡಗಿ, 'ಕಣದಾಗ' ಎಂಬಲ್ಲಿಗೆ ಬಂದಾಗ ಧಾಟಿಯನ್ನು ಮೆಲ್ಲಗೆ ಮೆಣಸಿನ ಹೊಲದ ಧಾಟಿಗೆ ತಿರುಗಿಸಿದಳು.

"ತಪ್ಪಿತು!" ಮಾಸ್ತರರು ಪೇಟಿ ಬಡಿದರು.

"ಮುದುಕಿ ನಾಲಿಗಿರಿ. ತಿರಗವಲ್ದು."

"ಹೆಂಗ ತಿರಗೂದಿಲ್ಲ ನೋಡೂಣು" ಎಂದು ಅವರು ಶಾಲು ತೆಗೆದು ಕಟ್ಟೆಯ ಮೇಲೆ ಒಗೆದು, ಮೊಣಕೈ ಚಾಚಿ ಪೇಟಿಗೆ ಗಾಳಿ ತುಂಬಿದರು.