ಗೊನೆ ಬಿಡದ ಬಾಳೆ

"ಅಣ್ಣೋ, ನೀ ಆಕ್ಕೊಟ್ಟ ಗೇಮ್ನಲ್ಲಿ ಬಾಳೆ ಎಲೆ ಬುಡ್ತದೆ, ಗೊನೆ ಮಾತ್ರ ಬುಡ್ತಿಲ್ಲ ಕಣಣ್ಣೋ," ಎನ್ನುತ್ತಾ ಹಾಲಿನ ಡೈರಿಯ ಶಿವಮೂರ್ತಿ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟ. "ಗೊಬ್ರ ಆಕ್ದೆ, ನೀರ್ ಕಟ್ದೆ. ಇನ್ ಯಾನ ಮಾಡ್ಲಿ?"

ಅಮೃತೇಶ್ ತಲೆಯೆತ್ತಲಿಲ್ಲ. ಬೆಳಗಿನಿಂದ ಇದೇ ದೂರು ತಂದವರಲ್ಲಿ ಇವನು ನಾಲ್ಕನೆಯವನು. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಈ ಕಂಪ್ಯೂಟರ್ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಅವನು, ಕೊಳ್ಳದೆಯೇ ಆಡುವಂತೆ ಬೀಗ ಒಡೆದ ಗೇಮುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಡುತ್ತಿದ್ದ. ಅವನಿಗೆ ಬಗ್ಗದ ಬೀಗವೇ ಇಲ್ಲವೆಂಬ ಹೆಸರಿತ್ತು.

ಈ ಬಾಳೆತೋಟದ ಗೇಮು ಮಾಡಿದವಳು ಮೂಗೂರಿನ ಬಿಂದುಶ್ರೀ. ಇದೇ ಅಂಗಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಅವನ ಕದ್ದ ಗೇಮುಗಳನ್ನೇ ಆಡಿ, ಬಿಚ್ಚಿ ನೋಡಿ ಕಲಿತವಳು. ಆಗ ಅವನೂ ಒಂದು ಗೇಮು ಶುರುಮಾಡಿದ್ದ. ಅದರ ಎತ್ತಿನ ಗಾಡಿ ಸೇತುವೆಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಹೋದ ತಿಂಗಳು ಪೇಪರಿನಲ್ಲಿ ಬಾಳೆತೋಟದ ಗೇಮಿನ ಸುದ್ದಿಯ ಜೊತೆ ಅವಳ ಫೋಟೊ ಬಂದಾಗ ಜನ ಅದನ್ನು ತಂದು ಅವನಿಗೇ ತೋರಿಸಿದರು. ಅಂದೇ ಅವನು ಎಲ್ಲಿಂದಲೋ ಗಿಟ್ಟಿಸಿದ ಒಂದು ಪ್ರತಿಯ ಬೀಗ ತೆಗೆದು, ಕೇಳಿದವರಿಗೂ ಕೇಳದವರಿಗೂ ಬಿಟ್ಟಿಯಾಗಿ ತುಂಬಿಕೊಟ್ಟ. ತಾಲ್ಲೂಕಿನಲ್ಲಿ ಒಬ್ಬನೂ ಅದನ್ನು ಕೊಳ್ಳಬಾರದೆಂಬುದು ಅವನ ಹಟ.

"ನೆನ್ನೆ ಡೈರಿ ತಾವ ಬಿಂದುಶ್ರೀ ಸಿಕ್ಕಿದ್ಲು, ಕೇಳೇಬುಟ್ಟೆ," ಎಂದ ಶಿವಮೂರ್ತಿ. "'ಬಾಗ್ಲ ಬೀಗ ಒಂದು, ಬಾಳೆ ಒಳಗೆ ಇನ್ನೊಂದು. ಕದ್ದೋರ್ಗೆ ಗೊನೆ ಬುಡಲ್ಲ' ಅಂತ ನಗಾಡ್ಬುಟ್ಲು. ನಮ್ ಕಡೆ ಕದ್ ತಂದ ಬಾಳೆ ಕಂದೇ ಚೆಂದಾಗ್ ಬರೋದು ಅಂತಾರೆ. ಇವ್ಳು ಉಲ್ಟಾ ಮಾಡವ್ಳೆ ನೋಡು! ಕೊಂಡ್ಕೊಂಬುಡ್ಲಾ ಅಣ್ಣೋ?"

"ತಡಿಲಾ. ಸರಿ ಮಾಡ್ಕೊಡ್ತೀನಿ."

ಮೂರು ದಿನ ಹುಡುಕಿದರೂ ಆ ಎರಡನೆಯ ಬೀಗ ಅವನ ಕೈಗೆ ಸಿಗಲಿಲ್ಲ. ನಾಲ್ಕನೆಯ ಮಧ್ಯಾಹ್ನ ಅಂಗಡಿಯ ಷಟರನ್ನು ಅರ್ಧ ಎಳೆದು, ಜೀವಮಾನದಲ್ಲಿ ಮೊದಲ ಸಲ ಒಂದು ಗೇಮು ಕೊಂಡ. ಹೆಸರು ಕೇಳಿದ ಕಡೆ ಅವ್ವನ ಹೆಸರು ಹಾಕಿದ: ಗುರುಬಸಮ್ಮ.

ಕಂದು ನೆಟ್ಟ. ನೀರು ಬಿಟ್ಟ. ಗಾಳಿ ಬೀಸಿದಾಗ ಎಲೆ ಸೀಳಿತು. ಸೀಳಿದ ತುಂಡುಗಳು ಒಂದೊಂದೂ ಬೇರೆ ಬೇರೆಯಾಗಿ ಅಲುಗಿದವು. ಹಾಗೆ ಅಲುಗಿಸುವುದು ಎಷ್ಟು ಕಷ್ಟವೆಂದು ಆ ಊರಿನಲ್ಲಿ ಬಲ್ಲವನು ಅವನೊಬ್ಬನೇ. ಹಲ್ಲು ಕಚ್ಚಿಕೊಂಡು ನೋಡುತ್ತಾ ಕೂತ. ಸುಳಿಯಿಂದ ಕೆಂಪು ಹೂ ಇಣುಕಿ, ಬಾಗಿ, ದಳ ಬಿಚ್ಚಿ, ಕಾಯಿ ಕಟ್ಟತೊಡಗಿತು.

ಷಟರಿನ ಕೆಳಗೆ ಶಿವಮೂರ್ತಿಯ ಚಪ್ಪಲಿ ಕಾಲುಗಳು ಕಂಡವು.

"ಅಣ್ಣೋ, ಏನಾಯ್ತು? ಬುಡ್ತಾ?"

"ಇಲ್ಲ ಕಣ್ಲಾ," ಎಂದ ಅಮೃತೇಶ್. "ಕೊಂಡ್ಕೊಂಡೋರ್ಗೂ ಬುಡ್ತಿಲ್ವಂತೆ. ಆ ಗೇಮೇ ಸರಿಯಿಲ್ಲ."

ಅಷ್ಟರಲ್ಲಿ ಅವನ ಕೈ ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಹಸಿರು ಬೆಳಕು ಬಿದ್ದು, ಗಾಳಿಯಿಲ್ಲದ ಅಂಗಡಿಯಲ್ಲಿ ಮೆಲ್ಲಗೆ ಅಲುಗುತ್ತಿತ್ತು.