ಏಣಿಯ ಗಡುವು

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಒದ್ದೆ ಬಟ್ಟೆಗಳನ್ನು ಏಣಿಯ ಮೇಲೆ ಹರವಿದರು. ಏಣಿ ನಮ್ಮದಲ್ಲ. ಫ್ಯಾನು ಒರೆಸಲೆಂದು ಅವನು ಪಕ್ಕದ ಮನೆಯ ದೊಡ್ಡಪ್ಪನಿಂದ ತಂದದ್ದು. ದೊಡ್ಡಪ್ಪ ನೆಂಟರೇನಲ್ಲ, ಬೀದಿಯವರೆಲ್ಲ ಹಾಗೆ ಕರೆಯುತ್ತಾರೆ. ಫ್ಯಾನು ಒರೆಸಿದ್ದಾಯಿತು, ಏಣಿ ಹಜಾರದಲ್ಲೇ ಬೇರು ಬಿಟ್ಟಿತು. ಮಾತಾಡಿಸಿಕೊಂಡು ಹೋಗಲು ಬಂದಾಗ ದೊಡ್ಡಪ್ಪ ನನ್ನನ್ನೊಮ್ಮೆ, ಏಣಿಯನ್ನೊಮ್ಮೆ ನೋಡಿ ಎದ್ದುಹೋಗಿದ್ದರು.

"ಆಫೀಸಿಗೆ ಹೋಗು," ಎಂದರು ಅತ್ತೆ. "ಇಲ್ಲಿದ್ರೆ ಇಡೀ ದಿನ ನನ್ನ ಮುಖ ನೋಡ್ಕೊಂಡು ಕೂತಿರ್ತೀಯ. ಅದೇನು ನೋಡೋ ಹಾಗಿದೆಯಾ?"

ನಾನೂ ನನ್ನ ಗಂಡನೂ ಒಂದೇ ಆಫೀಸಿನವರು. ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಪ್ರೋಗ್ರಾಂ ಬರೆಯುತ್ತೇವೆ. ವಾಪಸು ಕೊಡುವ ದಿನ ದಾಟಿತೇ ಎಂದು ಲೆಕ್ಕ ಹಾಕುವ ಭಾಗ ಅವನದು. ಆ ಲೆಕ್ಕ ಸರಿಯೇ ಎಂದು ದಿನಾ ಪರೀಕ್ಷಿಸುವ ಪುಟ್ಟ ಟೆಸ್ಟನ್ನೂ ಅವನೇ ಬರೆದಿದ್ದ. ಅದೀಗ ಪರದೆಯ ಮೇಲೆ ಕೆಂಪಗೆ ಕೂತಿತ್ತು.

"ನಾನು ಮುಟ್ಟಿಲ್ಲ ಅಕ್ಕಾ," ಎಂದ ಪಕ್ಕದ ಕುರ್ಚಿಯ ಗಿಣಿ. ಹೇಳಿದ್ದನ್ನೇ ಹೇಳುವುದರಿಂದ ಅವನಿಗೆ ಆ ಹೆಸರು. "ನಿನ್ನೆ ಪಾಸು, ಇವತ್ತು ಫೇಲು. ಯಾರೂ ಮುಟ್ಟಿಲ್ಲ. ನಾನಂತೂ ಮುಟ್ಟೇ ಇಲ್ಲ."

ಮ್ಯಾನೇಜರ್ ಮೇಡಂ ಮೆಲ್ಲಗೆ ಬಂದು ನಿಂತರು. "ಮಧ್ಯಾಹ್ನ ಗಿರಾಕಿಗೆ ಕಳಿಸ್ಬೇಕಮ್ಮ. ಆಗ್ಲಿಲ್ಲ ಅಂದ್ರೆ ಆ ಟೆಸ್ಟ್ ಅಳಿಸಿಬಿಡೋಣ."

ಅವನ ಉಳಿದ ಕೋಡನ್ನು ಆಗಲೇ ಎಲ್ಲರೂ ತಿದ್ದಿ ತೀಡಿದ್ದರು. ಪೂರ್ತಿ ಅವನದೇ ಆಗಿ ಉಳಿದದ್ದು ಇದೊಂದೇ.

"ಅಳಿಸೋದು ಬೇಡ," ಎಂದೆ.

ತೆರೆದು ನೋಡಿದೆ. ಸಾಮಾನು: ಏಣಿ. ಕೊಟ್ಟವರು: ದೊಡ್ಡಪ್ಪ. ಒಯ್ದವರು: ಸೋಮಾರಿ, ಅಂದರೆ ತಾನೇ. ಗಡುವು: ನಿನ್ನೆಯ ತಾರೀಖು, ದೊಡ್ಡಪ್ಪನಿಗೆ ಅವನು ಮಾತು ಕೊಟ್ಟು ಬಂದಿದ್ದ ದಿನ. ಬರಬೇಕಾದ ಉತ್ತರ: ಇನ್ನೂ ತಡವಾಗಿಲ್ಲ.

ಇವತ್ತು ಯಾವ ದಿನವೆಂದು ಟೆಸ್ಟು ಕಂಪ್ಯೂಟರಿನ ಗಡಿಯಾರವನ್ನೇ ಕೇಳುತ್ತಿತ್ತು. ಗಡಿಯಾರ ನಿಜ ಹೇಳಿತ್ತು, ಅಷ್ಟೆ.

ಗಿಣಿ ಇಣುಕಿದ. "ಗಡುವನ್ನ ಹತ್ತು ವರ್ಷ ಮುಂದಕ್ಕೆ ತಳ್ಳಿಬಿಡಿ ಅಕ್ಕಾ. ಅಣ್ಣ ಮುಂದಿನ ಜನ್ಮದಲ್ಲಿ ಬಂದು..." ನಾಲಿಗೆ ಕಚ್ಚಿಕೊಂಡ.

"ಬಂದ್ರೂ ವಾಪಸ್ ಕೊಡಲ್ಲ ಬಿಡು," ಎಂದೆ.

ಗಿಣಿಗೆ ನಗಬಹುದೋ ಬೇಡವೋ ತಿಳಿಯಲಿಲ್ಲ. ನಾನು ನಕ್ಕ ಮೇಲೆ ನಕ್ಕ.

ಗಡುವನ್ನು ಮುಟ್ಟಲಿಲ್ಲ. ಗಡಿಯಾರವನ್ನು ಕೇಳುವ ಸಾಲು ತೆಗೆದು, ಅಲ್ಲಿ ಒಂದು ತಾರೀಖನ್ನು ನಾನೇ ಬರೆದೆ: ಅವನು ಏಣಿ ಹೊತ್ತು ತಂದು, ಫ್ಯಾನಿನ ಧೂಳಿಗೆ ಸೀನುತ್ತ ನಿಂತಿದ್ದ ದಿನ. ಆ ಟೆಸ್ಟಿಗೆ ಇನ್ನು ಯಾವಾಗಲೂ ಅದೇ ಇವತ್ತು. ಹಸಿರಾಯಿತು. ಕೆಳಗೆ ಇನ್ನೊಂದನ್ನು ಸೇರಿಸಿದೆ. ಅದೇ ಏಣಿ, ಅದೇ ಗಡುವು, ಇವತ್ತಿನ ತಾರೀಖು. ಉತ್ತರ: ತಡವಾಗಿದೆ. ಅದೂ ಹಸಿರು.

ಸಂಜೆ ಬಟ್ಟೆಗಳನ್ನು ಮಡಚಿಟ್ಟು ಏಣಿಯನ್ನು ಹೆಗಲಿಗೇರಿಸಿದೆ.

"ನಾಳೆ ಬಟ್ಟೆ ಎಲ್ಲಿ ಹಾಕ್ಲಿ? ನಿನ್ನ ತಲೆ ಮೇಲಾ?"

"ಹಗ್ಗ ಕಟ್ತೀನಿ ಅತ್ತೆ."

ದೊಡ್ಡಪ್ಪನ ಬಾಗಿಲಲ್ಲಿ ಕತ್ತಲೆ. ಅವರು ತಡಕಾಡುತ್ತ ಹೊರಬಂದರು.

"ಏನು ಅವಸರ ಇತ್ತಮ್ಮ?"

"ಇಲ್ಲಿ ಬಲ್ಬ್ ಯಾಕಿಲ್ಲ ದೊಡ್ಡಪ್ಪ?"

"ಅದು ಹೋಗಿ ಎಷ್ಟೋ ದಿನ ಆಯ್ತು. ಏಣಿ ಕೇಳೋಣ ಅಂತ ಬಂದಾಗೆಲ್ಲ ನಿಮ್ಮತ್ತೆ ಬಟ್ಟೆ ಅದರ ಮೇಲೆ ಇರ್ತಿತ್ತು. ಹೇಗೆ ಕೇಳ್ಲಿ?"

"ಗಡುವು ನಿನ್ನೆಗೇ ಮುಗಿದಿತ್ತು," ಎಂದು ಏಣಿಯನ್ನು ಅವರ ಗೋಡೆಗೆ ಒರಗಿಸಿದೆ.